ಹೈಸ್ಕೂಲಿನ ಇಂಗ್ಲಿಷ್‌ಗೆ ಏನು ಬೇಕು: ಟ್ಯೂಷನ್ನಾ, ಗೈಡಾ, ಗ್ರಾಮರ್ ಪುಸ್ತಕವಾ, ಫೋನಾ?

ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಮಗಳು ಈ ವರ್ಷ ಎಂಟನೇ ಕ್ಲಾಸು. ಬೇರೆ ಎಲ್ಲ ಓದ್ತಾಳೆ, ಇಂಗ್ಲಿಷ್ ಅಂದ್ರೆ ಮಾತ್ರ ಹೆದರಿಕೆ. ತೀರ್ಥಹಳ್ಳಿಗೆ ಟ್ಯೂಷನ್‌ಗೆ ಕಳಿಸೋದಾ, ಒಳ್ಳೇ ಗ್ರಾಮರ್ ಪುಸ್ತಕ ಕೊಡಿಸೋದಾ?" ಈ ಪ್ರಶ್ನೆಗೆ ಎಲ್ಲರಿಗೂ ಸರಿಹೋಗುವ ಒಂದೇ ಉತ್ತರ ಇಲ್ಲ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಮೊದಲು ನೋಡಿ, ದುಡ್ಡು ಆಮೇಲೆ ಖರ್ಚು ಮಾಡಿ ಅಂತ ಹೇಳುತ್ತೇನೆ. ವ್ಯಾಕರಣ ಬಾರದ ಮಗುವಿಗೆ ಬೇಕಾದದ್ದು ಒಂದು, ಓದಿದ್ದು ತಿಳಿಯದ ಮಗುವಿಗೆ ಬೇಕಾದದ್ದು ಇನ್ನೊಂದು.

ನೋಡುವುದು ಸುಲಭ. ಹಿಂದಿನ ವರ್ಷದ ಇಂಗ್ಲಿಷ್ ಪಠ್ಯದಿಂದ ಒಂದು ಪ್ಯಾರಾ ಕೊಡಿ. ಮನಸ್ಸಿನಲ್ಲೇ ಓದಲಿ. ಪುಸ್ತಕ ಮುಚ್ಚಿಸಿ, ಅದರಲ್ಲಿ ಏನಿತ್ತು ಅಂತ ಕನ್ನಡದಲ್ಲಿ ಹೇಳಿಸಿ. ಆಮೇಲೆ ನಿನ್ನೆ ಮನೆಯಲ್ಲಿ ಏನೇನು ನಡೆಯಿತು ಅಂತ ಇಂಗ್ಲಿಷ್‌ನಲ್ಲಿ ಐದು ವಾಕ್ಯ ಬರೆಸಿ. ಕಥೆ ಸರಿಯಾಗಿ ಹೇಳಿ ವಾಕ್ಯ ತಪ್ಪು ಬರೆದರೆ ವ್ಯಾಕರಣದ ಅಭ್ಯಾಸ ಬೇಕು, ತಿದ್ದುವವರು ಬೇಕು. ಕಥೆಯನ್ನೇ ಹೇಳಲಾಗದಿದ್ದರೆ ಎಷ್ಟು ದಪ್ಪದ ಗ್ರಾಮರ್ ಪುಸ್ತಕ ಕೊಡಿಸಿದರೂ ಪ್ರಯೋಜನ ಇಲ್ಲ, ಆ ಮಗುವಿಗೆ ಓದು ಬೇಕು. ಅಕ್ಷರ ಕೂಡಿಸಿ ಓದುವುದಕ್ಕೇ ಕಷ್ಟಪಟ್ಟರೆ ನಾಲ್ಕನೇ ಐದನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಮಕ್ಕಳು ಗಟ್ಟಿಯಾಗಿ, ಸ್ವಲ್ಪವೂ ತಡವರಿಸದೆ ಓದುತ್ತಾರೆ. ಕೇಳಿದವರಿಗೆ ಖುಷಿಯಾಗುತ್ತದೆ. ಆದರೆ ಏನು ಓದಿದೆ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ಮಲೆನಾಡಿನ ಶಾಲೆಗಳಲ್ಲಿ ಇಂಥ ಮಕ್ಕಳು ಜಾಸ್ತಿ. ಇವರ ತೊಂದರೆ ಹತ್ತನೇ ಕ್ಲಾಸಿಗೆ ಬರುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕನ್ನಡದ ಮಗು ಎಡವುವ ಜಾಗ

ಯಾವ ದಾರಿ ಒಳ್ಳೆಯದು ಅಂತ ಅಳೆಯಬೇಕಾದರೆ ತೊಂದರೆ ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು. ಅಡಿಕೆ ಸುಲಿಯುವ ಮನೆಯ ಮಗುವಿಗೆ ಈ ವಾಕ್ಯ ಕೊಟ್ಟು ನೋಡಿ: 'ದಿ ನಟ್ಸ್ ದಟ್ ದಿ ವಿಮೆನ್ ಪೀಲ್ಡ್ ಅಟ್ ನೈಟ್ ವರ್ ಬಾಯ್ಲ್ಡ್ ಇನ್ ದಿ ಮಾರ್ನಿಂಗ್.' ಒಂದೊಂದು ಪದದ ಅರ್ಥವೂ ಮಗುವಿಗೆ ಗೊತ್ತಿರುತ್ತದೆ. ಆದರೂ "ಅಡಿಕೆ ಬೇಯಿಸಿದ್ದು ಯಾರು?" ಅಂದರೆ ಬಹಳಷ್ಟು ಮಕ್ಕಳು "ಹೆಂಗಸರು" ಅನ್ನುತ್ತಾರೆ. ವಾಕ್ಯದಲ್ಲಿ ಅದು ಇಲ್ಲವೇ ಇಲ್ಲ. ಹೆಂಗಸರು ಸುಲಿದದ್ದು ಮಾತ್ರ ಇದೆ, ಬೇಯಿಸಿದ್ದು ಯಾರು ಅಂತ ಹೇಳಿಲ್ಲ.

ಹೀಗೆ ಯಾಕಾಗುತ್ತದೆ? ಕನ್ನಡದಲ್ಲಿ ನಾವು 'ಹೆಂಗಸರು ರಾತ್ರಿ ಸುಲಿದ ಅಡಿಕೆ' ಅನ್ನುತ್ತೇವೆ. ವಿವರ ಮೊದಲು, ಅಡಿಕೆ ಆಮೇಲೆ, ಏನಾಯಿತು ಅನ್ನುವುದು ಕಟ್ಟಕಡೆಗೆ. ಇಂಗ್ಲಿಷ್‌ನಲ್ಲಿ ಅಡಿಕೆ ಮೊದಲು ಬಂದುಬಿಡುತ್ತದೆ. ವಿವರ ನಡುವೆ ತೂರಿಕೊಳ್ಳುತ್ತದೆ. ಅಡಿಕೆಗೆ ಏನಾಯಿತು ಅಂತ ಹೇಳುವ ಹೊತ್ತಿಗೆ ಮಗುವಿನ ತಲೆಯಲ್ಲಿ ಹೆಂಗಸರೇ ಉಳಿದಿರುತ್ತಾರೆ. ಪೆನ್ಸಿಲ್ಲಿನಿಂದ 'ದಟ್'ನಿಂದ 'ನೈಟ್'ವರೆಗೆ ಗೆರೆ ಎಳೆಸಿ, ಅಷ್ಟನ್ನು ಬಿಟ್ಟು ಓದು ಅನ್ನಿ. 'ದಿ ನಟ್ಸ್ ವರ್ ಬಾಯ್ಲ್ಡ್ ಇನ್ ದಿ ಮಾರ್ನಿಂಗ್.' ಅರ್ಥವಾಗುತ್ತದೆ. ಗೆರೆ ಎಳೆದ ಭಾಗ ಯಾವ ಅಡಿಕೆ ಅಂತ ಹೇಳುತ್ತದೆ ಅಂತ ಆಮೇಲೆ ತೋರಿಸಿ. ಇದು ವ್ಯಾಕರಣದ ಪಾಠವೂ ಹೌದು, ಓದಿನ ಪಾಠವೂ ಹೌದು. ಸೋಮವಾರ ಗ್ರಾಮರ್, ಮಂಗಳವಾರ ಪ್ಯಾಸೇಜ್ ಅಂತ ಎರಡನ್ನೂ ಬೇರೆ ಬೇರೆ ಮಾಡಿ ಕಲಿಸುವ ಕಡೆ ಈ ಕೊಂಡಿಯೇ ತಪ್ಪಿಹೋಗುತ್ತದೆ. ಅದಕ್ಕೇ ನನಗೆ ಆ ಪದ್ಧತಿ ಇಷ್ಟವಿಲ್ಲ.

ಎಡವುವ ಜಾಗ ಇನ್ನೂ ಕೆಲವಿವೆ. ಕನ್ನಡದಲ್ಲಿ 'ಎ', 'ದಿ' ಥರದ ಆರ್ಟಿಕಲ್ ಇಲ್ಲ, ಹಾಗಾಗಿ ಮಕ್ಕಳು ಬಿಟ್ಟುಬಿಡುತ್ತಾರೆ, ಇಲ್ಲವೇ ಎಲ್ಲ ಕಡೆ ಹಾಕುತ್ತಾರೆ. ನಮ್ಮ ವಿಭಕ್ತಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ, ಇಂಗ್ಲಿಷ್‌ನ 'ಇನ್', 'ಆನ್' ಥರದ ಪ್ರಿಪೊಸಿಷನ್ ಪದಕ್ಕಿಂತ ಮೊದಲೇ ಬಂದು ಕೂರುತ್ತದೆ. ನಮಗೆ 'ಅಲ್ವಾ' ಒಂದಿದ್ದರೆ ಸಾಕು. ಅಲ್ಲಿ 'ಈಸಂಟ್ ಹೀ', 'ಡಿಡಂಟ್ ದೇ' ಅಂತ ವಾಕ್ಯ ನೋಡಿಕೊಂಡು ಬಾಲ ಬದಲಾಗಬೇಕು. 'ಡಿಡ್ ನಾಟ್ ವೆಂಟ್' ಅನ್ನುವ ತಪ್ಪು ಪ್ರತಿ ನೋಟ್‌ಬುಕ್ಕಿನಲ್ಲೂ ಇರುತ್ತದೆ. ರಿಪೋರ್ಟೆಡ್ ಸ್ಪೀಚ್ ಇನ್ನೂ ಕಷ್ಟ. 'ನಾಳೆ ಬರ್ತೀನಿ ಅಂತ ಹೇಳಿದ' ಅನ್ನುವಾಗ ನಾವು ಅವನ ಮಾತನ್ನು ಇದ್ದಹಾಗೇ ಇಡುತ್ತೇವೆ. ಇಂಗ್ಲಿಷ್‌ನಲ್ಲಿ 'ಐ' ಹೋಗಿ 'ಹೀ' ಆಗಬೇಕು, 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದಿ ನೆಕ್ಸ್ಟ್ ಡೇ'. ನೀವು ಆರಿಸುವ ಪುಸ್ತಕವೋ ಟ್ಯೂಷನ್ನೋ ಇವುಗಳ ಮೇಲೆ ಎಷ್ಟು ಅಭ್ಯಾಸ ಮಾಡಿಸುತ್ತದೆ ಅಂತ ನೋಡಿ. ನಾಮಪದ ಎಂದರೇನು, ಎಷ್ಟು ವಿಧ ಅಂತ ಬಾಯಿಪಾಠ ಮಾಡಿಸುವುದರಲ್ಲೇ ಅರ್ಧ ವರ್ಷ ಕಳೆಯುವುದು ನಷ್ಟ.

ಶಾಲೆಯ ಪಠ್ಯ ಮತ್ತು ಗೈಡು

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ 100 ಅಂಕ, ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಪಠ್ಯಪುಸ್ತಕವನ್ನು ಕಡೆಗಣಿಸುವ ಯಾವ ದಾರಿಯೂ ಬೇಡ. ಪಾಠದ ಕೊನೆಯಲ್ಲಿರುವ ಭಾಷಾಭ್ಯಾಸಗಳನ್ನು ಎಷ್ಟೋ ಕಡೆ ಹಾರಿಸಿಬಿಡುತ್ತಾರೆ. ಪ್ರಶ್ನೋತ್ತರ ಮುಗಿದರೆ ಪಾಠ ಮುಗಿಯಿತು ಅಂತ ಲೆಕ್ಕ. ಆ ಅಭ್ಯಾಸಗಳನ್ನು ಒಂದೂ ಬಿಡದೆ ಮಾಡಿದ ಮಗುವಿಗೆ ಪರೀಕ್ಷೆಗೆ ಬೇಕಾದ ವ್ಯಾಕರಣದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ಪುಸ್ತಕ ಹರಿದುಹೋಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ.

ಗೈಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಷ್ಟದ ಪದಗಳಿಗೆ ಕನ್ನಡ ಅರ್ಥ ಒಂದೇ ಕಡೆ ಸಿಗುತ್ತದೆ, ಅದು ಒಳ್ಳೆಯದು. ಮಗು ತನ್ನ ಉತ್ತರ ಬರೆದ ಮೇಲೆ ತಾಳೆ ನೋಡುವುದಕ್ಕೂ ಆಗುತ್ತದೆ. ಬರೆಯುವ ಮೊದಲೇ ಗೈಡ್ ತೆರೆದರೆ ಅದು ನಕಲು ಮಾಡುವ ಕೆಲಸ ಅಷ್ಟೇ. ಪರೀಕ್ಷೆಯಲ್ಲಿ ಪಠ್ಯದ ಹೊರಗಿನ ಪ್ಯಾಸೇಜ್ ಬಂದಾಗ ಯಾವ ಗೈಡೂ ಕೈಹಿಡಿಯುವುದಿಲ್ಲ. ಆ ದುಡ್ಡು ಉಳಿಸಿ. ಹಳೆಯ ಪ್ರಶ್ನೆಪತ್ರಿಕೆಗಳೂ ಮಾದರಿ ಪತ್ರಿಕೆಗಳೂ ಪರೀಕ್ಷಾ ಮಂಡಳಿಯ ಜಾಲತಾಣದಲ್ಲೇ ಇವೆ.

ಗ್ರಾಮರ್ ಪುಸ್ತಕ: ಎರಡರಲ್ಲಿ ಯಾವುದು?

ಅಂಗಡಿಯಲ್ಲಿ ಕೇಳಿದರೆ ಮೊದಲು ತೆಗೆದುಕೊಡುವುದು ರೆನ್ ಅಂಡ್ ಮಾರ್ಟಿನ್. 1930ರ ದಶಕದಲ್ಲಿ ಬಂದ ಪುಸ್ತಕ ಅದು, ಇವತ್ತಿಗೂ ಅಚ್ಚಾಗುತ್ತಿದೆ. ನಿಯಮ, ವ್ಯಾಖ್ಯಾನ, ವಿಂಗಡಣೆ ಎಲ್ಲ ಅದರಲ್ಲಿ ಅಚ್ಚುಕಟ್ಟು. ಕಲಿಸುವವರ ಕೈಯಲ್ಲಿ ಅದು ಇರಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ, ನಿಯಮ ತಿಳಿದುಕೊಳ್ಳುವ ಆಸೆ ಇರುವ ಒಂಬತ್ತನೇ ಕ್ಲಾಸಿನ ಹುಡುಗನಿಗೂ ಸರಿ. ಆದರೆ ಹೊಸನಗರದ ಹಳ್ಳಿಯಿಂದ ಬರುವ, ಇಂಗ್ಲಿಷ್ ವಾಕ್ಯ ಕಂಡರೆ ಬೆವರುವ ಮಗುವಿನ ಕೈಗೆ ಅದನ್ನು ಕೊಟ್ಟರೆ ಮೂರನೇ ಪುಟಕ್ಕೇ ಮುಚ್ಚಿಡುತ್ತದೆ. ವಿವರಣೆಯೇ ಗಟ್ಟಿ ಇಂಗ್ಲಿಷ್‌ನಲ್ಲಿದೆ, ಉದಾಹರಣೆಗಳು ಹಳೆಯ ಕಾಲದವು.

ಅಂಥ ಮಗುವಿಗೆ ನಾನು ಹೇಳುವುದು ರೇಮಂಡ್ ಮರ್ಫಿಯವರ ಕೆಂಪು ಬಣ್ಣದ 'ಎಸೆನ್ಶಿಯಲ್ ಗ್ರಾಮರ್ ಇನ್ ಯೂಸ್'. ಎಡಗಡೆ ಪುಟದಲ್ಲಿ ಚಿತ್ರದ ಜೊತೆ ಚಿಕ್ಕ ವಿವರಣೆ, ಬಲಗಡೆ ಪುಟದಲ್ಲಿ ಅಭ್ಯಾಸ. ಒಂದು ವಿಷಯ ಒಂದು ಕೂತಿನಲ್ಲಿ ಮುಗಿಯುತ್ತದೆ. ಕೊಳ್ಳುವಾಗ ಕೊನೆಯಲ್ಲಿ ಉತ್ತರ ಇರುವ ಆವೃತ್ತಿಯನ್ನೇ ಕೇಳಿ, ಇಲ್ಲದಿದ್ದರೆ ಮಗು ಒಂಟಿಯಾಗಿ ಅಭ್ಯಾಸ ಮಾಡಲು ಆಗುವುದಿಲ್ಲ. ಅದೇ ಲೇಖಕರ ನೀಲಿ ಪುಸ್ತಕ ಮುಂದಿನ ಹಂತದ್ದು, ಮೊದಲು ಬಂದದ್ದು 1985ರಲ್ಲಿ. ಅದು ಪಿಯುಸಿಗೆ ಇರಲಿ. ಈ ಪುಸ್ತಕಗಳಲ್ಲಿ ಕೊರತೆಯೂ ಇದೆ. ಕನ್ನಡದಲ್ಲಿ ಒಂದು ಸಾಲೂ ಇಲ್ಲ. ನಮ್ಮ ಪರೀಕ್ಷೆಗೆ ಬೇಕಾದ ಪತ್ರಲೇಖನ, ವ್ಯಕ್ತಿಪರಿಚಯ ಇಲ್ಲ.

ಕನ್ನಡದಲ್ಲಿ ವಿವರಿಸುವ ಗ್ರಾಮರ್ ಪುಸ್ತಕಗಳು ಶಿವಮೊಗ್ಗದ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಒಳ್ಳೆಯವೂ ಇವೆ, ತಪ್ಪು ತುಂಬಿದವೂ ಇವೆ. ಕೊಳ್ಳುವ ಮೊದಲು ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಪುಟ ತೆಗೆದು ನೋಡಿ. 'ರಾಮ ಈಟ್ಸ್ ಎ ಮ್ಯಾಂಗೋ' ಎಂಬುದನ್ನು 'ಎ ಮ್ಯಾಂಗೋ ಈಸ್ ಈಟನ್ ಬೈ ರಾಮ' ಅಂತ ತಿರುಗಿಸುವ ಅಭ್ಯಾಸ ಮಾತ್ರ ಇದ್ದರೆ ಆ ಪುಸ್ತಕ ಬಿಡಿ. ಹಾಗೆ ಯಾರೂ ಮಾತಾಡುವುದಿಲ್ಲ, ಬರೆಯುವುದೂ ಇಲ್ಲ.

ಪ್ಯಾಸಿವ್ ಎಲ್ಲಿ ಬೇಕಾಗುತ್ತದೆ ಅಂತ ತೋಟದ ಮಕ್ಕಳಿಗೆ ತೋರಿಸುವುದು ಕಷ್ಟವಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅವರೆಲ್ಲರಿಗೂ ಗೊತ್ತು. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ, ಆಮೇಲೆ ಎರಡನ್ನೂ ಕೂಡಿಸುವುದು. ಅದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ: 'ಒನ್ ಕಿಲೋ ಆಫ್ ಕಾಪರ್ ಸಲ್ಫೇಟ್ ಈಸ್ ಡಿಸಾಲ್ವ್ಡ್ ಇನ್ ಫಿಫ್ಟಿ ಲೀಟರ್ಸ್ ಆಫ್ ವಾಟರ್. ದಿ ಲೈಮ್ ಈಸ್ ಮಿಕ್ಸ್ಡ್ ಸೆಪರೇಟ್ಲಿ. ದಿ ಕಾಪರ್ ಸೊಲ್ಯೂಷನ್ ಈಸ್ ದೆನ್ ಪೋರ್ಡ್ ಇನ್‌ಟು ದಿ ಲೈಮ್.' ಯಾರು ಕರಗಿಸಿದರು, ಯಾರು ಸುರಿದರು ಅನ್ನುವುದು ಇಲ್ಲಿ ಮುಖ್ಯವಲ್ಲ. ಕೆಲಸ ಹೇಗೆ ಆಗಬೇಕು ಅನ್ನುವುದು ಮುಖ್ಯ. ಹಾಗಿದ್ದಾಗ ಇಂಗ್ಲಿಷ್ ಪ್ಯಾಸಿವ್ ಬಳಸುತ್ತದೆ. ಯಾವುದನ್ನು ಯಾವುದಕ್ಕೆ ಸುರಿಯಬೇಕು ಅಂತ ಕೇಳಿದರೆ ಹಿಂದಿನ ಬೆಂಚಿನ ಹುಡುಗರೇ ಮೊದಲು ಕೈಯೆತ್ತುತ್ತಾರೆ. ಗೊತ್ತಿರುವ ವಿಷಯವಾದರೆ ಗೊತ್ತಿಲ್ಲದ ವಾಕ್ಯವೂ ಬಿಡಿಸಿಕೊಳ್ಳುತ್ತದೆ. ಓದಲು ಏನು ಕೊಡಬೇಕು ಅಂತ ಆರಿಸುವಾಗಲೂ ಇದು ನೆನಪಿರಲಿ.

ಟ್ಯೂಷನ್‌ಗೆ ದುಡ್ಡು ಕಟ್ಟುವ ಮೊದಲು

ಪುಸ್ತಕ ಮಾಡಲಾಗದ, ವಿಡಿಯೋ ಮಾಡಲಾಗದ ಕೆಲಸ ಒಂದಿದೆ. ಮಗು ತಾನೇ ಬರೆದ ವಾಕ್ಯವನ್ನು ಪಕ್ಕದಲ್ಲಿ ಕೂತು ತಿದ್ದುವುದು. 'ಇಲ್ಲಿ ಯಾಕೆ ಹ್ಯಾಡ್ ಹಾಕಿದೆ?' ಅಂತ ಕೇಳಿ, ಮಗು ಹೇಳಿದ್ದನ್ನು ಕೇಳಿಸಿಕೊಂಡು, ಸರಿ ಮಾಡುವುದು. ದೊಡ್ಡ ತರಗತಿಯಲ್ಲಿ ಶಾಲೆಯ ಮೇಷ್ಟ್ರಿಗೆ ಪ್ರತಿ ಮಗುವಿಗೂ ಇಷ್ಟು ಹೊತ್ತು ಕೊಡಲು ಆಗುವುದಿಲ್ಲ. ಟ್ಯೂಷನ್ ಇಷ್ಟು ಮಾಡಿದರೆ ಕೊಟ್ಟ ದುಡ್ಡು ಸಾರ್ಥಕ. ಮಾಡದಿದ್ದರೆ ಅದು ಇನ್ನೊಂದು ತರಗತಿ ಅಷ್ಟೇ.

ಹಾಗಾಗಿ ಸೇರಿಸುವ ಮೊದಲು ಹೀಗೆ ಕೇಳಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ವಾರಕ್ಕೆ ಒಂದಾದರೂ ಸ್ವಂತ ಬರವಣಿಗೆ ಬರೆಸಿ ತಿದ್ದುತ್ತೀರಾ? ಪಠ್ಯದ ಹೊರಗಿನ ಪ್ಯಾರಾ ಓದಿಸುತ್ತೀರಾ? ಒಂದು ತಿಂಗಳಾದ ಮೇಲೆ ಮಗುವಿನ ನೋಟ್‌ಬುಕ್ ತೆಗೆದುಕೊಂಡು ಅದೇ ಬ್ಯಾಚಿನ ಇನ್ನೊಂದು ಮಗುವಿನ ನೋಟ್‌ಬುಕ್ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ ಇದ್ದರೆ ಅಲ್ಲಿ ನಡೆಯುತ್ತಿರುವುದು ಡಿಕ್ಟೇಷನ್. ಇದನ್ನು ನೋಡಲು ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ.

ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ನಾಲ್ಕು ಕಡೆ ವಿಚಾರಿಸಿ ಆರಿಸುವ ಅವಕಾಶ ಇದೆ. ಹಳ್ಳಿಯವರಿಗೆ ಬಸ್ಸಿನ ಲೆಕ್ಕವೇ ದೊಡ್ಡದು. ಸಂಜೆ ಟ್ಯೂಷನ್ ಮುಗಿಸಿ, ಬಸ್ಸಿಗೆ ಕಾದು, ಇಳಿದ ಮೇಲೆ ಕಾಲುದಾರಿಯಲ್ಲಿ ಮನೆ ಸೇರುವ ಹೊತ್ತಿಗೆ ಕತ್ತಲೆ. ಜುಲೈ ಮಳೆಯಲ್ಲಿ ಇನ್ನೂ ಕಷ್ಟ. ಇಷ್ಟು ದಣಿದು ಬಂದ ಮಗು ಪುಸ್ತಕ ಹಿಡಿಯುವುದಿಲ್ಲ. ದಾರಿಯಲ್ಲಿ ಹೋಗುವ ಆ ಹೊತ್ತನ್ನು ಮನೆಯಲ್ಲಿ ಕೂತು ಓದಿದರೆ ಹೆಚ್ಚು ಲಾಭ ಅಂತ ನನ್ನ ಅಭಿಪ್ರಾಯ. ಊರಲ್ಲೇ ಡಿಗ್ರಿ ಓದುತ್ತಿರುವ ಅಕ್ಕನೋ ನಿವೃತ್ತ ಮೇಷ್ಟ್ರೋ ಇದ್ದರೆ ವಾರಕ್ಕೆ ಎರಡು ಗಂಟೆ ಅವರ ಹತ್ತಿರ ಕಳಿಸಿ. ಅವರು ಪಾಠ ಮಾಡುವುದೇ ಬೇಡ, ಮಗು ಬರೆದದ್ದನ್ನು ತಿದ್ದಿದರೆ ಸಾಕು. ಕೆಲಸಕ್ಕೆ ತಕ್ಕ ಸಂಬಳವನ್ನೂ ಕೊಡಿ.

ಫೋನು

ಪಠ್ಯಪುಸ್ತಕದ ಪಾಠದ ಪಕ್ಕದಲ್ಲಿ ಕ್ಯೂಆರ್ ಕೋಡ್ ಇದ್ದರೆ 2017ರಲ್ಲಿ ಶುರುವಾದ ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿ. ಆ ಪಾಠಕ್ಕೆ ಸೇರಿದ ವಿಡಿಯೋ, ಅಭ್ಯಾಸ ತೆರೆಯುತ್ತದೆ. ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಟೆನ್ಸ್, ವಾಯ್ಸ್ ವಿವರಿಸುವ ಪಾಠಗಳೂ ಇವೆ. ಶಾಲೆ ತಪ್ಪಿದ ದಿನದ ಪಾಠ ಹಿಡಿಯಲು ಇವು ಒಳ್ಳೆಯವು. ಗುಡ್ಡದ ಕೆಳಗಿನ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಹೋಗಿಬಿಡುತ್ತದೆ. ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಕೊಳ್ಳಿ. ವಿಡಿಯೋ ನೋಡಿ ಮುಗಿಸಿದರೆ ಕಲಿತಂತೆ ಆಗಲಿಲ್ಲ. ನಡುವೆ ನಿಲ್ಲಿಸಿ, ಅದೇ ಥರದ ನಾಲ್ಕು ವಾಕ್ಯ ಬರೆಯಬೇಕು.

ಫೋನಿನ ಕ್ಯಾಮೆರಾ ಹಿಡಿದರೆ ಇಡೀ ಪ್ಯಾರಾ ಕನ್ನಡಕ್ಕೆ ಬಂದುಬಿಡುತ್ತದೆ. ಇದನ್ನು ಒಂದು ಪದಕ್ಕೆ ಬಳಸಿ, ಪ್ಯಾರಾಕ್ಕೆ ಬೇಡ. ಕಷ್ಟಪಟ್ಟು ಬಿಡಿಸಿಕೊಳ್ಳಬೇಕಾದ ವಾಕ್ಯವನ್ನು ಫೋನೇ ಬಿಡಿಸಿಕೊಟ್ಟರೆ ಮಗುವಿಗೆ ಅಭ್ಯಾಸ ಆಗುವುದು ಯಾವಾಗ? ಚಾಟ್‌ಜಿಪಿಟಿ ಥರದ್ದನ್ನು ಬಳಸುವ ಮನೆಗಳಲ್ಲಿ ಪ್ರಬಂಧ ಬರೆಸಿಕೊಳ್ಳಲು ಬಿಡಬೇಡಿ. ತಿದ್ದುವವರು ಯಾರೂ ಸಿಗದ ಕಡೆ ಮಗು ತಾನು ಬರೆದದ್ದನ್ನು ಹಾಕಿ, ತಪ್ಪು ಎಲ್ಲಿದೆ ಅಂತ ಮಾತ್ರ ತೋರಿಸು, ತಿದ್ದಬೇಡ ಅಂತ ಕೇಳಲಿ. ಬರೆಯುವಾಗ ಕನ್ನಡದ ಪದಕ್ಕೆ ಇಂಗ್ಲಿಷ್ ಬೇಕಾದರೆ 'ಅಲರ್' ಎಂಬ ಉಚಿತ ಕನ್ನಡ-ಇಂಗ್ಲಿಷ್ ನಿಘಂಟು ಜಾಲದಲ್ಲಿದೆ, ಚೆನ್ನಾಗಿದೆ.

ಓದಲು ಏನು ಕೊಡುವುದು

ಕಥೆ ಹೇಳಲಾಗದ ಮಗುವಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದು, ಮತ್ತು ಇದಕ್ಕೆ ದುಡ್ಡು ಬೇಕಾಗಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳನ್ನು ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ. ಎಷ್ಟೋ ಕಥೆಗಳು ಇಂಗ್ಲಿಷ್‌ನಲ್ಲೂ ಇವೆ, ಕನ್ನಡದಲ್ಲೂ ಇವೆ. ಮೊದಲು ಇಂಗ್ಲಿಷ್‌ನಲ್ಲಿ ಓದಿ, ತಿಳಿದದ್ದು ಸರಿಯಾ ಅಂತ ಕನ್ನಡದ್ದರಲ್ಲಿ ನೋಡಿಕೊಳ್ಳಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಮಕ್ಕಳ ಇಂಗ್ಲಿಷ್ ಪುಸ್ತಕ ಏನಿದೆ ಅಂತ ಒಮ್ಮೆ ಹೋಗಿ ನೋಡಿ. ಇಂಗ್ಲಿಷ್ ಪತ್ರಿಕೆ ಎಂಟನೇ ಕ್ಲಾಸಿಗೆ ಭಾರ. ಹತ್ತಕ್ಕೆ ಬಂದ ಮೇಲೆ ಕ್ರೀಡಾ ಪುಟದಿಂದ ಶುರು ಮಾಡಲಿ. ಹಿಂದಿನ ದಿನ ನೋಡಿದ ಮ್ಯಾಚಿನ ಸುದ್ದಿಯಾದರೆ ಅರ್ಧ ಅರ್ಥ ಮೊದಲೇ ಗೊತ್ತಿರುತ್ತದೆ. ಸಕ್ರೆಬೈಲಿನ ಆನೆ ಬಿಡಾರಕ್ಕೋ ತ್ಯಾವರೆಕೊಪ್ಪದ ಸಿಂಹಧಾಮಕ್ಕೋ ಹೋದಾಗ ಪ್ರಾಣಿಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದ ಫಲಕ ಕಂಡರೆ ನಿಂತು ಓದಿಸಿ.

ಹಂತ ಸರಿಯಾಗಿದೆಯಾ ಅಂತ ತಿಳಿಯಲು ಒಂದು ಪುಟ ಓದಿಸಿ, ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚಿಸಿ. ಐದು ಬೆರಳೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ, ಒಂದು ಹಂತ ಕೆಳಗೆ ಬನ್ನಿ. ಇಂಗ್ಲಿಷ್ ಬಾರದ ಅಮ್ಮನೂ ಇದರಲ್ಲಿ ಜೊತೆಯಾಗಬಹುದು. ಓದಿದ ಕಥೆಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿಸಿ, 'ಆಮೇಲೆ ಏನಾಯ್ತು, ಅವನು ಯಾಕೆ ಹಾಗೆ ಮಾಡಿದ' ಅಂತ ಕೇಳುತ್ತಾ ಹೋಗಿ. ಮಗು ತಡವರಿಸಿದ ಕಡೆ ಪುಸ್ತಕ ತೆರೆದು ಮತ್ತೆ ಓದಲಿ.

ಯಾವ ಮಗುವಿಗೆ ಯಾವುದು

ಎಂಟನೇ ಕ್ಲಾಸಿನ ಮಗುವಿಗೆ ಟ್ಯೂಷನ್ ಬೇಡ. ಪಠ್ಯ, ದಿನಕ್ಕೆ ಇಪ್ಪತ್ತು ನಿಮಿಷದ ಕಥೆ ಓದು, ವಾರಕ್ಕೆ ಕೆಂಪು ಪುಸ್ತಕದ ಎರಡು ಅಭ್ಯಾಸ, ಇಷ್ಟು ಸಾಕು. ಮಳೆಗೆ ಡಿಸಿ ರಜೆ ಕೊಟ್ಟ ದಿನಗಳೇ ಓದಿಗೆ ಒಳ್ಳೆಯ ದಿನಗಳು. ಒಂಬತ್ತಕ್ಕೆ ಬಂದಾಗ ವಾರಕ್ಕೊಂದು ಸ್ವಂತ ಬರವಣಿಗೆ ಸೇರಿಸಿ, ತಿದ್ದುವವರನ್ನು ಹುಡುಕಿ. ದುಡ್ಡು ಖರ್ಚು ಮಾಡುವುದಿದ್ದರೆ ಈ ವರ್ಷ ಮಾಡಿ. ಹತ್ತರ ವರ್ಷಕ್ಕಿಂತ ಈ ವರ್ಷದ ಟ್ಯೂಷನ್ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ತಪ್ಪು ಬಿಡಿಸಲು ಇನ್ನೂ ಹೊತ್ತು ಇರುತ್ತದೆ. ಸಿಬಿಎಸ್‌ಇ ಮಕ್ಕಳ ಕಥೆ ಸ್ವಲ್ಪ ಬೇರೆ. ಅಲ್ಲಿ ಪ್ಯಾಸೇಜ್ ಉದ್ದ, ಅವರು ಓದುವ ವೇಗದ ಮೇಲೆ ಗಮನ ಇಡಲಿ.

ಹತ್ತನೇ ಕ್ಲಾಸಿನಲ್ಲಿ ಜನವರಿ ಬಂದರೂ ಮಗು ಹಿಂದೆ ಇದ್ದರೆ ಹೊಸ ಗ್ರಾಮರ್ ಪುಸ್ತಕ ತರಬೇಡಿ, ಹೊಸ ಟ್ಯೂಷನ್‌ಗೂ ಸೇರಿಸಬೇಡಿ. ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ವಾರಕ್ಕೆ ಎರಡು ಪ್ಯಾಸೇಜ್, ಒಂದು ಪತ್ರ, ಒಂದು ವ್ಯಕ್ತಿಪರಿಚಯ ಬರೆಸಿ. ಪ್ಯಾಸೇಜಿನಲ್ಲಿ ಮೊದಲು ಪ್ರಶ್ನೆ ಓದಲಿ, ಆಮೇಲೆ ಪ್ಯಾರಾ. 'ಹೀ', 'ಇಟ್', 'ದೇ' ಬಂದ ಕಡೆಯೆಲ್ಲ ಯಾರು, ಯಾವುದು ಅಂತ ಪೆನ್ಸಿಲ್ಲಿನಲ್ಲಿ ಮೇಲೆ ಬರೆಯಲಿ. ಪ್ರಶ್ನೆಯಲ್ಲಿರುವ ಪದ ಕಂಡ ತಕ್ಷಣ ಆ ಸಾಲನ್ನೇ ಇಳಿಸುವ ಅಭ್ಯಾಸ ಬಿಡಿಸಿ, ಉತ್ತರ ಎಷ್ಟೋ ಸಲ ಅದರ ಹಿಂದಿನ ಸಾಲಿನಲ್ಲೋ ಮುಂದಿನ ಸಾಲಿನಲ್ಲೋ ಇರುತ್ತದೆ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇದೆ. ಮೊದಲನೆಯದರಲ್ಲಿ ಇಂಗ್ಲಿಷ್ ಒಂದು ಉಳಿದರೆ ಮಗುವಿಗೆ ಬೈಯಬೇಡಿ. ಉತ್ತರಪತ್ರಿಕೆಯ ನಕಲು ತರಿಸಿ, ಅಂಕ ಹೋದದ್ದು ಓದಿನಲ್ಲೋ ಬರವಣಿಗೆಯಲ್ಲೋ ಅಂತ ಪಕ್ಕದಲ್ಲಿ ಕೂತು ನೋಡಿ, ಎರಡನೆಯದಕ್ಕೆ ಅಷ್ಟನ್ನೇ ಓದಿಸಿ.